ಓದಿ ಗೆದ್ದವರಿಗೆ ಕಾದಿರುವ ಕುದುರೆ

ದೆಹಲಿಯ ಮುಖರ್ಜಿ ನಗರದಲ್ಲಿ ನಾಗರಿಕ ಸೇವೆಗಳ ಪರೀಕ್ಷೆಗೆ ಸಿಗದ ನೋಟ್ಸ್ ಎಂಬುದಿಲ್ಲ. ಬತ್ರಾ ಚಿತ್ರಮಂದಿರದ ಸುತ್ತಲಿನ ಗಲ್ಲಿಗಳಲ್ಲಿ ಸಂವಿಧಾನ, ಭೂಗೋಳ, ನೀತಿಶಾಸ್ತ್ರ, ಹಿಂದಿನ ಸಾಲಿನಲ್ಲಿ ಆಯ್ಕೆಯಾದವರ ಉತ್ತರಪತ್ರಿಕೆಗಳ ಜೆರಾಕ್ಸ್ ಎಲ್ಲವೂ ರಾಶಿ ಬಿದ್ದಿರುತ್ತವೆ. ಸಂದರ್ಶನದಲ್ಲಿ ಕುರ್ಚಿಯ ಮೇಲೆ ಹೇಗೆ ಕೂರಬೇಕು, ಕೈ ಎಲ್ಲಿಡಬೇಕು ಎಂಬುದನ್ನೂ ದುಡ್ಡು ತೆಗೆದುಕೊಂಡು ಕಲಿಸುತ್ತಾರೆ. ಕುದುರೆಯ ಮೇಲೆ ಹೇಗೆ ಕೂರಬೇಕೆಂದು ಮಾತ್ರ ಇಲ್ಲಿ ಯಾರೂ ಹೇಳಿಕೊಡುವುದಿಲ್ಲ. ಆದರೆ ಈ ಗಲ್ಲಿಗಳಿಂದ ಗೆದ್ದು ಹೋಗುವವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಮಸ್ಸೂರಿಯ ಹ್ಯಾಪಿ ವ್ಯಾಲಿಯಲ್ಲೋ, ಹೈದರಾಬಾದಿನ ಪೊಲೀಸ್ ಅಕಾಡೆಮಿಯಲ್ಲೋ ಬೆಳಗಿನ ಹೊತ್ತು ಒಂದು ಕುದುರೆಯ ಪಕ್ಕ ನಿಂತಿರುತ್ತಾರೆ. ಬಹುಪಾಲು ಮಂದಿಗೆ ಅದು ಜೀವನದಲ್ಲೇ ಮೊದಲ ಸಲ.

ಐಪಿಎಸ್‌ಗೆ ಆಯ್ಕೆಯಾದವರಿಗೆ ಅಶ್ವಾರೋಹಣ ಹೊರಾಂಗಣ ತರಬೇತಿಯ ಒಂದು ವಿಷಯ. ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ಅಕಾಡೆಮಿಯಲ್ಲೂ ಕುದುರೆ ಸವಾರಿಯ ಕಲಿಕೆ ಉಂಟು. ಕಲಿಯುವವರ ವಯಸ್ಸನ್ನು ಒಮ್ಮೆ ನೋಡಿ. ಪರೀಕ್ಷೆಗೆ ಕನಿಷ್ಠ ವಯಸ್ಸು 21. ಗರಿಷ್ಠ ಮಿತಿ ಸಾಮಾನ್ಯ ವರ್ಗಕ್ಕೆ 32, ಹಿಂದುಳಿದ ವರ್ಗಗಳಿಗೆ 35, ಪರಿಶಿಷ್ಟರಿಗೆ 37. ಹಾಗಾಗಿ ರಿಕಾಪಿಗೆ ಮೊದಲ ಸಲ ಕಾಲಿಡುವವರು ಇಪ್ಪತ್ತೈದು ದಾಟಿದವರು, ಒಮ್ಮೊಮ್ಮೆ ಮೂವತ್ತೈದು ದಾಟಿದವರು. ಅದಕ್ಕೂ ಹಿಂದಿನ ಮೂರು ನಾಲ್ಕು ವರ್ಷ ಅವರು ಕಳೆದದ್ದು ಇಲ್ಲಿನವರು ಲೈಬ್ರರಿ ಎಂದು ಕರೆಯುವ, ತಿಂಗಳ ಬಾಡಿಗೆಗೆ ಒಂದು ಕುರ್ಚಿ ಒಂದು ದೀಪ ಕೊಡುವ ಕೋಣೆಗಳಲ್ಲಿ. ಕುತ್ತಿಗೆ ಬಗ್ಗಿ, ಭುಜ ಮುಂದಕ್ಕೆ ಬಿದ್ದು, ಸೊಂಟ ಬಿಗಿದುಕೊಂಡಿರುತ್ತದೆ. ದೇಹವೊಂದಿದೆ ಎಂಬುದನ್ನೇ ಮರೆತು ಓದಿದ ಆ ಮನುಷ್ಯನನ್ನು ಸುಮಾರು 450 ಕಿಲೋ ತೂಗುವ, ತನ್ನದೇ ಮನಸ್ಸಿರುವ ಪ್ರಾಣಿಯ ಬೆನ್ನ ಮೇಲೆ ಕೂರಿಸಿದರೆ ಹೆದರದೆ ಇನ್ನೇನು ಮಾಡಿಯಾನು?

ನಮ್ಮ ಕರ್ನಾಟಕದ ಅಭ್ಯರ್ಥಿಗಳು ದೆಹಲಿಯಲ್ಲಿ ಹೆಚ್ಚಾಗಿ ನೆಲೆ ನಿಲ್ಲುವುದು ರಾಜೇಂದ್ರ ನಗರ, ಕರೋಲ್ ಬಾಗ್ ಕಡೆ. ಮುಖರ್ಜಿ ನಗರ ಹಿಂದಿ ಮಾಧ್ಯಮದವರ ತವರು. ಆದರೂ ನೆಹರೂ ವಿಹಾರ, ಗಾಂಧಿ ವಿಹಾರಗಳ ಪಿಜಿಗಳಲ್ಲಿ ಒಂದಷ್ಟು ಕನ್ನಡ ಕಿವಿಗೆ ಬೀಳುತ್ತದೆ. ಊರು ಕಲಬುರಗಿಯಾಗಲಿ, ಬಿಹಾರದ ದರ್ಭಂಗಾ ಆಗಲಿ, ಈ ಹುಡುಗ ಹುಡುಗಿಯರಿಗೆ ಕುದುರೆಯೆಂದರೆ ಮದುವೆ ಮೆರವಣಿಗೆ ಇಲ್ಲವೇ ಸಿನಿಮಾ. ನಾನು ಸವಾರಿ ಕಲಿತದ್ದೂ ಇದೇ ದೆಹಲಿಯಲ್ಲಿ, ತಲೆಗೂದಲು ನರೆಯಲು ಶುರುವಾದ ಮೇಲೆ. ದೊಡ್ಡವರಾದ ಮೇಲೆ ಕುದುರೆ ಹತ್ತುವವರ ಹೆದರಿಕೆಯನ್ನು ನಮ್ಮ ಕಲಿಸುವ ಪದ್ಧತಿ ಇನ್ನೂ ಸರಿಯಾಗಿ ಅರ್ಥಮಾಡಿಕೊಂಡಿಲ್ಲ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿರುವ ವಿಷಯ.

ಮುಖರ್ಜಿ ನಗರದ ನೆಲಕ್ಕೂ ಕುದುರೆಗೂ ಹಳೆಯ ನಂಟಿದೆ. ಎರಡು ಮೂರು ಕಿಲೋಮೀಟರ್ ಆಚೆಗೆ ಕಾರೋನೇಶನ್ ಪಾರ್ಕ್. 1877, 1903, 1911ರಲ್ಲಿ ಬ್ರಿಟಿಷರ ಮೂರು ದರ್ಬಾರುಗಳು ನಡೆದ ಬಯಲು ಅದು. ಜಿಟಿಬಿ ನಗರ ಮೆಟ್ರೊ ನಿಲ್ದಾಣದ ಸುತ್ತಲ ಜಾಗವನ್ನು ಹಳಬರು ಇವತ್ತಿಗೂ ಕಿಂಗ್ಸ್‌ವೇ ಕ್ಯಾಂಪ್ ಎನ್ನುವುದು ಆ ದರ್ಬಾರಿನ ಬಿಡಾರಗಳ ನೆನಪಿನಿಂದಲೇ. 1911ರ ಡಿಸೆಂಬರ್ 7ರಂದು ಐದನೇ ಜಾರ್ಜ್ ದೆಹಲಿ ಪ್ರವೇಶಿಸಿದಾಗ ಜನ ಆನೆಯ ಮೇಲಿನ ಅಂಬಾರಿಯನ್ನು ಎದುರು ನೋಡುತ್ತಿದ್ದರು. 1903ರ ದರ್ಬಾರಿಗೆ ವೈಸ್‌ರಾಯ್ ಕರ್ಜನ್ ಬಂದದ್ದು ಆನೆಯ ಮೇಲೆಯೇ. ಚಕ್ರವರ್ತಿ ಮಾತ್ರ ಕುದುರೆಯೊಂದರ ಮೇಲೆ, ಅಧಿಕಾರಿಗಳ ಗುಂಪಿನ ನಡುವೆ ಸಾಗಿಹೋದ. ದಾರಿಯುದ್ದಕ್ಕೂ ನಿಂತಿದ್ದ ಬಹಳ ಮಂದಿಗೆ ರಾಜ ಯಾರೆಂಬುದೇ ಗೊತ್ತಾಗಲಿಲ್ಲ.

ಇದೇ ಉತ್ತರ ದೆಹಲಿಯಲ್ಲಿ, ಯಮುನೆಯ ಕಡೆಗೆ ಐದಾರು ಕಿಲೋಮೀಟರ್ ಹೋದರೆ ಮೆಟ್ಕಾಫ್ ಹೌಸ್. ಸ್ವತಂತ್ರ ಭಾರತಕ್ಕೆ ಬೇಕಾದ ಅಧಿಕಾರಿಗಳನ್ನು ತಯಾರಿಸುವ ಐಎಎಸ್ ತರಬೇತಿ ಶಾಲೆ ಶುರುವಾದದ್ದು ಅಲ್ಲಿ. 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ಮೊದಲ ತಂಡವನ್ನು ಉದ್ದೇಶಿಸಿ ಮಾತನಾಡಿದ ನೆನಪಿಗೇ ಇವತ್ತು ನಾಗರಿಕ ಸೇವಾ ದಿನ ಆಚರಿಸುತ್ತಾರೆ. 1959ರಲ್ಲಿ ಆ ಶಾಲೆಯೂ ಸಿಮ್ಲಾದ ಸ್ಟಾಫ್ ಕಾಲೇಜೂ ಸೇರಿ ಮಸ್ಸೂರಿಯ ಅಕಾಡೆಮಿಯಾಯಿತು.

ಅಧಿಕಾರಿಗೆ ಕುದುರೆ ಗೊತ್ತಿರಬೇಕೆಂಬ ನಿಯಮ ಬ್ರಿಟಿಷರ ಐಸಿಎಸ್ ಕಾಲದ್ದು. ರಸ್ತೆಯಿಲ್ಲದ ತಾಲ್ಲೂಕುಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಮುಕ್ಕಾಂ ಹಾಕುತ್ತ, ಬೆಳೆ ನೋಡುತ್ತ, ದೂರು ಕೇಳುತ್ತ ಹೋಗಲು ಬೇರೆ ದಾರಿಯಿರಲಿಲ್ಲ. ನಮ್ಮ ಹಳೆಯ ಮೈಸೂರು ಸೀಮೆಯ ಅಮಲ್ದಾರರೂ ಸರ್ಕೀಟು ಹೋಗುತ್ತಿದ್ದದ್ದು ಕುದುರೆಯ ಮೇಲೆಯೇ. ಐಸಿಎಸ್‌ನ ಸವಾರಿ ಪರೀಕ್ಷೆಯಲ್ಲಿ ನಿಂತುಹೋದವರಲ್ಲಿ ಅತಿ ದೊಡ್ಡ ಹೆಸರು ಅರವಿಂದ ಘೋಷರದು. 1890ರ ಐಸಿಎಸ್ ಲಿಖಿತ ಪರೀಕ್ಷೆಯಲ್ಲಿ ಅವರದು ಹನ್ನೊಂದನೆಯ ಸ್ಥಾನ. ಗ್ರೀಕ್, ಲ್ಯಾಟಿನ್ ಎರಡರಲ್ಲೂ ಮೇಲುಗೈ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಎರಡು ವರ್ಷದ ಪ್ರೊಬೇಷನ್ ಮುಗಿಸಿದರು. ಉಳಿದದ್ದು ಸವಾರಿಯ ಪರೀಕ್ಷೆ ಒಂದೇ. ಮತ್ತೆ ಮತ್ತೆ ಅವಕಾಶ ಕೊಟ್ಟರೂ ಅವರು ಹಾಜರಾಗಲಿಲ್ಲ. 1892ರಲ್ಲಿ ಅವರನ್ನು ಸೇವೆಗೆ ಅನರ್ಹರೆಂದು ಕೈಬಿಟ್ಟರು. ಆ ನೌಕರಿಯ ಕಡೆ ತಮಗೆ ಮನಸ್ಸೇ ಇರಲಿಲ್ಲವೆಂದು ಅವರೇ ಮುಂದೆ ಹೇಳಿದ್ದಾರೆ. ಹಾಗಾಗಿ ಅದನ್ನು ಅಂಜಿಕೆ ಎನ್ನುವುದು ತಪ್ಪಾಗುತ್ತದೆ. ಒಂದಂತೂ ನಿಜ: ಗ್ರೀಕ್ ಕಲಿತ ಬುದ್ಧಿಗೆ ಕುದುರೆ ತಾನಾಗಿ ಒಲಿದುಬರುತ್ತದೆ ಎಂದು ಆ ಕಾಲದ ಆಡಳಿತ ನಂಬಿರಲಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಇಟ್ಟಿತ್ತು.

ಈಗ ಹೆದರಿಕೆಯ ವಿಷಯಕ್ಕೆ ಬರೋಣ.

ಸಣ್ಣ ಮಕ್ಕಳು ಕುದುರೆ ಹತ್ತಿದಾಗ ನಗುತ್ತಾರೆ. ಬಿದ್ದರೆ ಏನಾಗುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿಲ್ಲ. ದೊಡ್ಡವರ ತಲೆಯಲ್ಲಿ ಆ ಲೆಕ್ಕ ಪೂರ್ತಿ ಇರುತ್ತದೆ. ಕೈ ಮುರಿದರೆ ಕೆಲಸಕ್ಕೆ ರಜೆ, ಆಸ್ಪತ್ರೆ ಬಿಲ್ಲು, ಮನೆಯಲ್ಲಿ ಅಪ್ಪ ಅಮ್ಮನ ಗಾಬರಿ, ಜೊತೆಗಾರರ ಮುಂದೆ ಅವಮಾನ. ಇದರಲ್ಲಿ ಯಾವುದೂ ಸುಳ್ಳಲ್ಲ. ಎತ್ತರದಿಂದ ಬಿದ್ದರೆ ಪೆಟ್ಟಾಗುತ್ತದೆ, ತಲೆಗೆ ಬಿದ್ದ ಪೆಟ್ಟು ಪ್ರಾಣಕ್ಕೂ ಕುತ್ತು. ಆದ್ದರಿಂದ ಹೆದರಿದ ಕಲಿಗನಿಗೆ 'ಹೆದರಬೇಡ' ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅವನ ಹೆದರಿಕೆಗೆ ಕಾರಣವಿದೆ ಎಂದು ಒಪ್ಪಿಕೊಂಡ ಮೇಲೆಯೇ ಪಾಠ ಶುರುವಾಗಬೇಕು.

ಕಷ್ಟವಿರುವುದು ಇನ್ನೊಂದು ಕಡೆ. ಹೆದರಿದ ಮೈ ಮಾಡುವ ಕೆಲಸವೆಲ್ಲ ಕುದುರೆಯ ಭಾಷೆಯಲ್ಲಿ ಆಜ್ಞೆಯಾಗುತ್ತದೆ. ಬೀಳುತ್ತೇನೆ ಎನ್ನಿಸಿದ ಕೂಡಲೇ ಮನುಷ್ಯ ಎರಡೂ ಕಾಲುಗಳಿಂದ ಕುದುರೆಯ ಹೊಟ್ಟೆಯನ್ನು ಬಿಗಿಯಾಗಿ ಅಪ್ಪುತ್ತಾನೆ. ಕುದುರೆಗೆ ಕಾಲಿನ ಒತ್ತಡ ಎಂದರೆ 'ಮುಂದೆ ನಡೆ'. ಅದು ಬೇಗ ಬೇಗ ಹೆಜ್ಜೆ ಹಾಕುತ್ತದೆ. ವೇಗ ಹೆಚ್ಚಿದಂತೆ ಅವನು ಮುಂದಕ್ಕೆ ಬಾಗುತ್ತಾನೆ. ಭಾರ ಮುಂಗಾಲುಗಳ ಮೇಲೆ ಬೀಳುತ್ತದೆ, ಅದೂ ಓಟಕ್ಕೇ ಕುಮ್ಮಕ್ಕು. ಆಮೇಲೆ ಲಗಾಮು ಜಗ್ಗುತ್ತಾನೆ. ಬಾಯೊಳಗಿನ ಕಡಿವಾಣ ನೋಯಿಸುತ್ತದೆ, ಕುದುರೆ ತಲೆಯೆತ್ತಿ ಆ ನೋವಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಕಾಲು 'ಹೋಗು' ಎನ್ನುತ್ತಿದೆ, ಕೈ 'ನಿಲ್ಲು' ಎನ್ನುತ್ತಿದೆ. ಪಾಪ ಪ್ರಾಣಿ ಯಾರ ಮಾತು ಕೇಳಬೇಕು? ಹೊಸಬರು 'ಕುದುರೆ ಹಟಮಾರಿ' ಎಂದು ದೂರುವ ಹೆಚ್ಚಿನ ಪ್ರಸಂಗಗಳಲ್ಲಿ ನಡೆದಿರುವುದು ಇಷ್ಟೇ. ಕುದುರೆ ಮೇಲಿನವರ ಮಾತನ್ನು ಅಕ್ಷರಶಃ ಪಾಲಿಸಿದೆ.

ಹುಲ್ಲು ತಿನ್ನುವ, ಬೇಟೆಗೆ ಸಿಗುವ ಪ್ರಾಣಿ ಅದು. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿಯಷ್ಟು ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಅದಕ್ಕೇ ಕುದುರೆಯ ಬಳಿಗೆ ಭುಜದ ಕಡೆಯಿಂದ, ಮಾತಾಡಿಸುತ್ತ ಹೋಗಬೇಕು. ಮೈಮೇಲೆ ಒಂದು ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸಬಲ್ಲ ಪ್ರಾಣಿಗೆ ಬೆನ್ನ ಮೇಲೆ ಕೂತವರ ತೊಡೆ ಬಿಗಿದದ್ದು, ಉಸಿರು ಹಿಡಿದದ್ದು ತಿಳಿಯದೇ ಇರುತ್ತದೆಯೇ?

ಇದನ್ನು ಸ್ವೀಡನ್ನಿನ ಸಂಶೋಧಕರು ಅಳೆದೇ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರ ಆ ಅಧ್ಯಯನ ಬಹಳ ಸರಳ. ಕುದುರೆಯನ್ನು ಕೆಲವರು ಹಿಡಿದು ನಡೆಸಿದರು, ಕೆಲವರು ಹತ್ತಿ ಸವಾರಿ ಮಾಡಿದರು. ಒಂದೇ ದಾರಿಯಲ್ಲಿ ನಾಲ್ಕು ಸಲ. ಕೊನೆಯ ಸಲಕ್ಕೆ ಮುಂಚೆ, ಈಗ ಪಕ್ಕದಲ್ಲಿ ಛತ್ರಿಯೊಂದನ್ನು ಫಕ್ಕನೆ ಬಿಚ್ಚುತ್ತೇವೆ ಎಂದು ಮನುಷ್ಯರಿಗೆ ಹೇಳಿದರು. ಛತ್ರಿಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಎದೆಬಡಿತ ಏರಿತು, ಅವರ ಜೊತೆಗಿದ್ದ ಕುದುರೆಗಳದೂ ಏರಿತು. ಛತ್ರಿಯ ಸುದ್ದಿ ಕುದುರೆಗೆ ತಲುಪಿದ್ದು ಜೊತೆಗಿದ್ದ ಮನುಷ್ಯನ ಮೈಯಿಂದ.

ಹೀಗಿರುವಾಗ ಹೆದರಿದವರನ್ನು ಗದರಿಸಿ ಕಲಿಸುವ ಪದ್ಧತಿ ಎಷ್ಟು ತಿರುಗುಮುರುಗು ಎಂಬುದು ತಾನಾಗಿ ತಿಳಿಯುತ್ತದೆ. ನಮ್ಮ ದೇಶದಲ್ಲಿ ಸವಾರಿಯ ಪಾಠ ಬಂದದ್ದು ಸೇನೆಯ ಅಶ್ವದಳಗಳಿಂದ. ಇಂದಿಗೂ ಕ್ಲಬ್ಬುಗಳಲ್ಲಿ ಕಲಿಸುವವರಲ್ಲಿ ನಿವೃತ್ತ ದಫೇದಾರರು, ರಿಸಾಲ್ದಾರರು ಬಹಳ. ಅವರ ಅನುಭವ ದೊಡ್ಡದು. ಕುದುರೆಯ ಕಿವಿಯ ತಿರುವು ನೋಡಿ ಮುಂದಿನ ಹೆಜ್ಜೆ ಹೇಳುವ ಜನ. ಆದರೆ ಹದಿನೆಂಟರ ಸಿಪಾಯಿಗೆ ಕಲಿಸಿದ ಹಾಗೆ ಮೂವತ್ತೆರಡರ, ಕುರ್ಚಿಯಲ್ಲಿ ಕೂತೇ ಬೆನ್ನು ಬಗ್ಗಿಸಿಕೊಂಡವರಿಗೆ ಕಲಿಸಲು ಹೋದರೆ ಎರಡನೆಯ ದಿನವೇ ದುಲ್ಕಿ ಓಟ, ನಾಲ್ಕನೆಯ ದಿನ ನೆಲ. ಆಮೇಲೆ ಆ ಮನುಷ್ಯ ಜನ್ಮದಲ್ಲಿ ಕುದುರೆಯ ಹತ್ತಿರ ಸುಳಿಯುವುದಿಲ್ಲ. ಅಂಥವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಒಳ್ಳೆಯ ಕೈ ಇತ್ತು, ತಾಳ್ಮೆ ಇತ್ತು. ಬೇಕಿದ್ದದ್ದು ಇನ್ನೊಂದಷ್ಟು ವಾರ.

ಒಳ್ಳೆಯ ಪಾಠ ಹತ್ತುವುದರಿಂದ ಶುರುವಾಗುವುದಿಲ್ಲ. ಮೊದಲ ದಿನ ಲಾಯದಲ್ಲಿ ಕಳೆಯಬೇಕು. ಮೈ ಉಜ್ಜುವುದು, ಗೊರಸು ಎತ್ತಿ ಮಣ್ಣು ಕೆರೆಯುವುದು, ಹಗ್ಗ ಹಿಡಿದು ಜೊತೆಗೆ ನಡೆಯುವುದು, ನಿಲ್ಲಿಸುವುದು, ಹಿಂದೆ ಸರಿಸುವುದು. ನೆಲದ ಮೇಲೆ ನಿಂತು 'ನಿಲ್ಲು' ಎಂದಾಗ ಕುದುರೆ ನಿಂತರೆ, ಮೇಲೆ ಕೂತಾಗಲೂ ನಿಂತೀತು ಎಂಬ ನಂಬಿಕೆ ಮೈಗೇ ಬರುತ್ತದೆ. ಕುದುರೆಯ ಕಿವಿ ಓದುವುದನ್ನೂ ಇಲ್ಲೇ ಕಲಿಯಬೇಕು. ಕಿವಿ ಮುಂದಕ್ಕೆ ನಿಮಿರಿದ್ದರೆ ಏನನ್ನೋ ಗಮನಿಸುತ್ತಿದೆ, ಹಿಂದಕ್ಕೆ ತಲೆಗಂಟಿದ್ದರೆ ಸಿಟ್ಟು, ಪಕ್ಕಕ್ಕೆ ಜೋಲಿದ್ದರೆ ವಿಶ್ರಾಂತಿ. ಕುದುರೆ ನೋಡಿಕೊಳ್ಳುವ ಸಾಯಿಸ್ ಈ ಪಾಠಕ್ಕೆ ದೊಡ್ಡ ಗುರು. ದಿನದ ಇಪ್ಪತ್ತನಾಲ್ಕು ಗಂಟೆಯೂ ಆ ಪ್ರಾಣಿಯ ಜೊತೆಗಿರುವವನು ಅವನೇ. 'ಸಾಬ್, ಇದರ ಎಡಗಿವಿಯ ಹತ್ತಿರ ಕೈ ಒಯ್ಯಬೇಡಿ' ಎಂಬಂಥ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಹತ್ತುವ ಮುಂಚೆ ಜೀನಿನ ಹೊಟ್ಟೆಪಟ್ಟಿಯನ್ನು ಇನ್ನೊಮ್ಮೆ ಬಿಗಿಯಬೇಕು. ಪಟ್ಟಿ ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿರುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಅದೇ ಪಟ್ಟಿ ಸಡಿಲ. ಹತ್ತುವುದು ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ಕಟ್ಟಿದ ಕಾಲದ ರೂಢಿ ಹಾಗೇ ಉಳಿದಿದೆ. ನೆಲದಿಂದ ನೆಗೆಯುವುದಕ್ಕಿಂತ ಮೆಟ್ಟಿಲ ಕಟ್ಟೆಯಿಂದ ಹತ್ತುವುದು ಒಳ್ಳೆಯದು. ಕಟ್ಟೆಯನ್ನು ಕೇಳಲು ಸಂಕೋಚ ಬೇಡ, ಕುದುರೆಯ ಬೆನ್ನಿಗೂ ಅದೇ ಹಿತ. ತೂಕದ ಬಗ್ಗೆ ನಾಚಿಕೊಂಡು ದೂರ ಉಳಿಯುವವರೂ ಇದ್ದಾರೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲೊಂದು ಭಾಗ ಮೀರಬಾರದು ಎಂಬುದು ರೂಢಿಯಲ್ಲಿರುವ ಲೆಕ್ಕ. 450 ಕಿಲೋ ಕುದುರೆಗೆ 90 ಕಿಲೋ. ಅದಕ್ಕಿಂತ ಭಾರವಿದ್ದರೆ ದೊಡ್ಡ ಕುದುರೆ ಬೇಕು, ಅಷ್ಟೇ.

ಆಮೇಲೆ ಬರುವುದು ಹೆದರಿದವರ ಪಾಲಿನ ನಿಜವಾದ ವರ, ಉದ್ದ ಹಗ್ಗದ ಪಾಠ. ಲಂಜಿಂಗ್ ಎನ್ನುತ್ತಾರೆ. ಕಲಿಸುವವರು ನಡುವೆ ನಿಂತು ಹಗ್ಗ ಹಿಡಿದು ಕುದುರೆಯನ್ನು ತಮ್ಮ ಸುತ್ತ ವೃತ್ತದಲ್ಲಿ ನಡೆಸುತ್ತಾರೆ. ವೇಗವೂ ದಿಕ್ಕೂ ಅವರ ಕೈಯಲ್ಲಿ. ಮೇಲೆ ಕೂತವರಿಗೆ ಲಗಾಮಿನ ಹೊಣೆಯೇ ಇಲ್ಲ. ಕೂರುವುದನ್ನು ಮಾತ್ರ ಕಲಿಯಬೇಕು. ಕುದುರೆಯ ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿದ್ದರೆ ಗಾಬರಿಯಾದಾಗ ಹಿಡಿಯಲು ಒಂದು ಆಸರೆ, ಪ್ರಾಣಿಯ ಬಾಯಿಯೂ ಉಳಿಯುತ್ತದೆ. ಕೈಗಳನ್ನು ಪಕ್ಕಕ್ಕೆ ಚಾಚು, ಕಣ್ಣು ಮುಚ್ಚು, ಈಗ ಯಾವ ಹಿಂಗಾಲು ನೆಲಕ್ಕೆ ಬಿತ್ತು ಹೇಳು. ಹೀಗೆ ಆಟದಂತೆ ಸಾಗುತ್ತದೆ. ಬಾಯಿ ಮಾತಾಡುತ್ತಿದ್ದರೆ ಉಸಿರು ನಿಲ್ಲುವುದಿಲ್ಲ. ಉಸಿರಾಡುತ್ತಿದ್ದರೆ ಸೊಂಟ ಸಡಿಲವಾಗುತ್ತದೆ. ಸೊಂಟ ಸಡಿಲವಾದರೆ ಕುದುರೆಯ ನಡಿಗೆ ನಮ್ಮ ನಡಿಗೆಯಾಗುತ್ತದೆ. ನನಗೆ ಕಲಿಸಿದ ಹಿರಿಯರು ಹಾಡು ಹೇಳಿಸುತ್ತಿದ್ದರು. ಕನ್ನಡದ ಹಾಡನ್ನೇ ಹೇಳುತ್ತಿದ್ದೆ. ಅವರಿಗೆ ಅರ್ಥವಾಗುತ್ತಿರಲಿಲ್ಲ, ಕುದುರೆಗೆ ಹಿತವಾಗುತ್ತಿತ್ತು.

ದೆಹಲಿಯ ಯಾವ ಅಖಾಡದಲ್ಲಿ ನಿಂತರೂ ಕೇಳುವ ಎರಡು ಮಾತು: 'ಏಡೀ ನೀಚೇ, ನಜರ್ ಸಾಮ್ನೇ.' ಹಿಮ್ಮಡಿ ಕೆಳಗೆ, ದೃಷ್ಟಿ ಎದುರಿಗೆ. ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರ ಗೆರೆಯಲ್ಲಿದ್ದರೆ ಕುದುರೆಯನ್ನು ಕೆಳಗಿನಿಂದ ತೆಗೆದುಬಿಟ್ಟರೂ ಮನುಷ್ಯ ನೆಲದ ಮೇಲೆ ನಿಂತೇ ಇರುತ್ತಾನೆ. ಹೆದರಿದವರು ನೆಲ ನೋಡುತ್ತಾರೆ, ತಲೆ ಬಾಗಿದ ಕಡೆಗೇ ಭಾರ ವಾಲುತ್ತದೆ. ಈ ಎರಡು ಮಾತನ್ನು ಬೈಗುಳದಂತೆ ಕೂಗುವವರೂ ಇದ್ದಾರೆ, ಭುಜ ತಟ್ಟಿದಂತೆ ಹೇಳುವವರೂ ಇದ್ದಾರೆ.

ನಡಿಗೆ ನಾಲ್ಕು ಪೆಟ್ಟಿನದು, ಗಂಟೆಗೆ ಆರೇಳು ಕಿಲೋಮೀಟರ್. ದುಲ್ಕಿ ಎರಡು ಪೆಟ್ಟು. ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಮೇಲಿನವರು ಎಗರಿ ಎಗರಿ ಬೀಳುತ್ತಾರೆ. ಕಲಿಯುವವರು ಸೋಲುವುದು ಇಲ್ಲಿ. ಒಂದು ಪೆಟ್ಟಿಗೆ ಏಳು, ಮುಂದಿನದಕ್ಕೆ ಕೂರು ಎಂಬ ತಾಳ ಹಿಡಿದರೆ ಸರಿಹೋಗುತ್ತದೆ. ತಾಳ ಕೂತ ದಿನ ಮೈಗೆ ಆಗುವ ಸಂತೋಷವನ್ನು ನಾನು ಬರೆದು ಹೇಳಲಾರೆ. ಈಜು ಕಲಿಯುವಾಗ ನೀರು ನಮ್ಮನ್ನು ಎತ್ತಿ ಹಿಡಿದ ಮೊದಲ ಕ್ಷಣಕ್ಕೆ ಅದು ಹತ್ತಿರ. ಕ್ಯಾಂಟರ್, ನಾಗಾಲೋಟಗಳೆಲ್ಲ ಆಮೇಲಿನ ಮಾತು. ಹೊಸಬರು ಅವುಗಳಿಗೆ ಆತುರಪಡಬೇಕಿಲ್ಲ.

ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫೋನ್ ಕುದುರೆ ಸವಾರಿಯ ಮೇಲೊಂದು ಪುಸ್ತಕ ಬರೆದ. ಸಿಟ್ಟಿನಲ್ಲಿರುವಾಗ ಕುದುರೆಯ ತಂಟೆಗೆ ಹೋಗಲೇಬೇಡಿ ಎಂಬುದು ಅವನ ಮುಖ್ಯ ಸಲಹೆಗಳಲ್ಲೊಂದು. ಕಲಿಸುವವರು ಅದನ್ನು ಕಲಿಯುವವರಿಗೂ ಅನ್ವಯಿಸಿಕೊಳ್ಳಬೇಕು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯನ್ನೂ ಇಲ್ಲಿ ನೆನೆಯಬೇಕು. ಪೋಲಿಯೊದಿಂದ ಆಕೆಗೆ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತ್ತು. ಕುದುರೆಯ ಮೇಲೆ ಬೇರೆಯವರು ಎತ್ತಿ ಕೂರಿಸಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಗಂಡಸರ ಜೊತೆ ಸ್ಪರ್ಧಿಸಿ, ಡ್ರೆಸಾಜ್ ವಿಭಾಗದಲ್ಲಿ ಬೆಳ್ಳಿ ಗೆದ್ದಳು. 1956ರಲ್ಲಿ ಮತ್ತೆ ಬೆಳ್ಳಿ. ಕಾಲಿನ ಬಲವಿಲ್ಲದೆ, ಬೆನ್ನು ಮತ್ತು ಸೊಂಟದ ಸೂಕ್ಷ್ಮ ಚಲನೆಯಿಂದಲೇ ಕುದುರೆಯ ಜೊತೆ ಮಾತಾಡಿದವಳು ಆಕೆ.

ಮುಖರ್ಜಿ ನಗರದಿಂದ ಸವಾರಿ ಕಲಿಯುವ ಜಾಗ ಅಷ್ಟೇನೂ ದೂರವಿಲ್ಲ. ಜಿಟಿಬಿ ನಗರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಲೋಕ ಕಲ್ಯಾಣ ಮಾರ್ಗದಲ್ಲಿ ಇಳಿಯಬಹುದು. ಮುಂಚೆ ಆ ನಿಲ್ದಾಣದ ಹೆಸರು ರೇಸ್ ಕೋರ್ಸ್. ದೆಹಲಿ ರೈಡಿಂಗ್ ಕ್ಲಬ್ ಇರುವುದು ಆ ಕಡೆಯ ಸಫ್ದರ್‌ಜಂಗ್ ರಸ್ತೆಯಲ್ಲಿ. ಕಂಟೋನ್ಮೆಂಟಿನಲ್ಲಿ ಸೇನೆಯ ಪೋಲೊ ಮತ್ತು ರೈಡಿಂಗ್ ಕ್ಲಬ್ ಇದೆ. ಮೆಟ್ರೊದಲ್ಲಿ ಹತ್ತಿರವಾದದ್ದು ಜೇಬಿಗೆ ಹತ್ತಿರವಾಗುವುದಿಲ್ಲ. ಊರಿನಿಂದ ಅಪ್ಪ ಕಳಿಸುವ ಹಣದಲ್ಲಿ ಕೋಣೆ ಬಾಡಿಗೆ, ಟಿಫಿನ್, ಕೋಚಿಂಗ್ ಶುಲ್ಕ ತೂಗಿಸುವವರಿಗೆ ಕ್ಲಬ್ಬಿನ ಗೇಟು ಬಹಳ ಎತ್ತರ. ಹೀಗಾಗಿ ಸವಾರಿ ಬಲ್ಲ ಪ್ರೊಬೇಷನರುಗಳು ಸಾಮಾನ್ಯವಾಗಿ ಸೇನಾಧಿಕಾರಿಗಳ ಮಕ್ಕಳು, ಬೋರ್ಡಿಂಗ್ ಶಾಲೆಯಲ್ಲಿ ಓದಿದವರು. ಉಳಿದವರು ಅವರ ಪಕ್ಕದಲ್ಲೇ ನಿಂತು ಶೂನ್ಯದಿಂದ ಶುರುಮಾಡಬೇಕು. ಆ ಬೆಳಗಿನ ಹಿಂಜರಿಕೆಯ ಅರ್ಧಭಾಗ ಕುದುರೆಯದಲ್ಲ, ಈ ಪಕ್ಕದಲ್ಲಿ ನಿಲ್ಲುವುದರದು.

ದೆಹಲಿಯಲ್ಲಿ ಸಾಮಾನ್ಯ ಮನುಷ್ಯ ಕುದುರೆ ಹತ್ತುವುದು ಒಂದೇ ಸಲ, ತನ್ನ ಮದುವೆಯ ಬಾರಾತಿನಲ್ಲಿ. ಚಳಿಗಾಲದ ಸಂಜೆಗಳಲ್ಲಿ ಅಲಂಕಾರ ಮಾಡಿದ ಬಿಳಿ ಘೋಡಿಯ ಮೇಲೆ, ಬ್ಯಾಂಡು ಪಟಾಕಿಗಳ ನಡುವೆ, ಹಿಡಿಯಲು ಏನೂ ಸಿಗದೆ ಕೂತ ಮದುಮಗನನ್ನು ಯಾರು ಬೇಕಾದರೂ ನೋಡಬಹುದು. ಅವನ ಜೀವ ಕೈಯಲ್ಲಿರುತ್ತದೆ. ಪ್ರಾಣಿಯ ಜೀವ ಅದಕ್ಕಿಂತ ಹೆಚ್ಚು ಸಂಕಟದಲ್ಲಿರುತ್ತದೆ, ಕಿವಿಗಡಚಿಕ್ಕುವ ಆ ಸದ್ದು ಬೇಟೆಯ ಪ್ರಾಣಿಗೆ ಹೇಗೆ ಕೇಳಬಹುದು ಯೋಚಿಸಿ.

ಆ ಘೋಡಿಯ ಮೇಲೆ ಕೂರಲೂ ಎಲ್ಲರಿಗೂ ಬಿಡುವುದಿಲ್ಲ ಎಂಬುದು ಈ ವಿಷಯದ ಅತ್ಯಂತ ನೋವಿನ ಮಗ್ಗುಲು. ಉತ್ತರ ಮತ್ತು ಪಶ್ಚಿಮ ಭಾರತದ ಅನೇಕ ಹಳ್ಳಿಗಳಲ್ಲಿ ದಲಿತ ಮದುಮಗ ಕುದುರೆ ಹತ್ತಿದರೆ ಕಲ್ಲು ಬೀಳುತ್ತದೆ. 2018ರ ಮಾರ್ಚಿನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಕುದುರೆ ಸಾಕಿ ಸವಾರಿ ಮಾಡುತ್ತಿದ್ದ ದಲಿತ ಯುವಕನೊಬ್ಬನ ಕೊಲೆಯಾಯಿತು. ಸವಾರಿಯೇ ಕಾರಣ ಎಂದು ಅವನ ಮನೆಯವರು ದೂರು ಕೊಟ್ಟರು. 2022ರ ಫೆಬ್ರವರಿಯಲ್ಲಿ ರಾಜಸ್ಥಾನದ ಜೈಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದಲಿತ ಸಮುದಾಯದ ಐಪಿಎಸ್ ಅಧಿಕಾರಿಯೊಬ್ಬರು ಮದುವೆಯ ಮೆರವಣಿಗೆಯಲ್ಲಿ ಕುದುರೆ ಏರಿದ್ದು ಪೊಲೀಸ್ ಬಂದೋಬಸ್ತಿನಲ್ಲಿ. ಅಶ್ವಾರೋಹಣವನ್ನು ಪಾಠವಾಗಿ ಕಲಿಸುವ ಸೇವೆಗೆ ಸೇರಿದವರಿಗೂ ಊರಿನಲ್ಲಿ ಕುದುರೆ ಹತ್ತಲು ಕಾವಲು ಬೇಕಾಯಿತು. ಮುಖರ್ಜಿ ನಗರದ ಕೋಣೆಗಳಲ್ಲಿ ಓದುತ್ತಿರುವವರಲ್ಲಿ ಇಂಥ ಹಳ್ಳಿಗಳ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರ ಮೈಯಲ್ಲಿರುವ ಅಳುಕು ಬೀಳುವ ಅಳುಕೊಂದೇ ಎಂದು ಕಲಿಸುವವರು ತಿಳಿಯಬಾರದು. ಹತ್ತಬಾರದು ಎಂದು ತಲೆಮಾರುಗಳಿಂದ ಹೇಳಿಸಿಕೊಂಡ ಮೈ ಅದು. ಅಂಥವರು ಲಗಾಮು ಹಿಡಿದು ನೆಟ್ಟಗೆ ಕೂತಾಗ ನಡೆಯುವುದು ಕ್ರೀಡೆಗಿಂತ ಬಹಳ ದೊಡ್ಡದು ಎಂದು ನಾನು ನಂಬಿದ್ದೇನೆ.

ಕನ್ನಡಿಗರಿಗೆ ಕುದುರೆ ಹೊರಗಿನದೇನಲ್ಲ. ವಿಜಯನಗರಕ್ಕೆ ಹೋರ್ಮುಜ್ ಕಡೆಯಿಂದ ಹಡಗುಗಟ್ಟಲೆ ಕುದುರೆ ಬರುತ್ತಿದ್ದವು. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎದ್ದು, ಎಣ್ಣೆ ಕುಡಿದು, ಸಾಮು ಮಾಡಿ, ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆ ಓಡಿಸುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂವರು ಕಂಚಿನ ಯೋಧರು ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ದಳಗಳವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಏರಿನಲ್ಲಿ ಫಿರಂಗಿಗಳ ಮೇಲೆ ಬಿದ್ದರು. ಅವರದೇ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೂ ಇದೆ. ರೈಡಿಂಗ್ ಕ್ಲಬ್ಬಿನಿಂದ ತೀನ್ ಮೂರ್ತಿಗೆ ನಡೆದೇ ಹೋಗಬಹುದು. ಕರ್ನಾಟಕದಿಂದ ಬಂದವರು ಆ ಮೂವರ ಹತ್ತಿರ ಒಂದು ಸಂಜೆ ನಿಂತು ಬರಲಿ.

ಇಂದಿನ ಮಾತಿಗೆ ಬಂದರೆ, ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳವಿದೆ, ದಸರೆಯ ಜಂಬೂಸವಾರಿಯಲ್ಲಿ ನಾವೆಲ್ಲ ನೋಡಿದ ದಳ. ಬೆಂಗಳೂರಿನ ರೇಸ್ ಕೋರ್ಸಿನ ಆವರಣದಲ್ಲಿ ಹವ್ಯಾಸಿಗಳಿಗೆಂದೇ ಅಮೆಚೂರ್ ರೈಡಿಂಗ್ ಇನ್‌ಸ್ಟಿಟ್ಯೂಟ್ ನಡೆದುಬಂದಿದೆ. 1996ರಲ್ಲಿ ಆರಂಭವಾದ ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ವಿಮಾನ ನಿಲ್ದಾಣದ ಕಡೆಗಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಅಶ್ವಕ್ರೀಡಾ ಪದಕ ಅದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 23ನೆಯ ಸ್ಥಾನ ಪಡೆದರು. ಆದರೆ ಹೆದರಿದ ದೊಡ್ಡವರಿಗೆ ಬೇಕಾದ ಶಾಲೆಯನ್ನು ಪದಕ ನೋಡಿ ಆರಿಸಬಾರದು. ಸೇರುವ ಮುಂಚೆ ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ಬೇಲಿಯ ಹೊರಗೆ ನಿಂತು ನೋಡಬೇಕು. ಕುದುರೆಗಳ ಪಕ್ಕೆಲುಬು ಕಾಣುತ್ತಿವೆಯೇ, ಜೀನಿನ ಕೆಳಗೆ ಹುಣ್ಣಿದೆಯೇ, ನೀರಿನ ತೊಟ್ಟಿ ತುಂಬಿದೆಯೇ, ಕಲಿಸುವವರು ಕೂಗುತ್ತಿದ್ದಾರೆಯೇ? ಹೊಸಬರಿಗೆ ವಯಸ್ಸಾದ, ಸಮಾಧಾನದ ಕುದುರೆ ಕೊಡುತ್ತಾರೋ, ರೇಸಿನಿಂದ ನೇರ ಬಂದ ಎಳೆಯದನ್ನು ಕೊಡುತ್ತಾರೋ? 'ನನಗೆ ಭಯವಿದೆ, ಒಂದು ತಿಂಗಳು ಹಗ್ಗದ ಮೇಲೆಯೇ ಕಲಿಯುತ್ತೇನೆ' ಎಂದಾಗ ಅವರ ಮುಖ ಹೇಗಾಗುತ್ತದೆ ಎಂಬುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ನಾಗರಿಕ ಸೇವೆಗಳ ಪರೀಕ್ಷೆಗೆ ಪ್ರತಿವರ್ಷ ಸುಮಾರು ಹತ್ತು ಲಕ್ಷ ಅರ್ಜಿ ಬರುತ್ತವೆ, ಆಯ್ಕೆಯಾಗುವವರು ಸಾವಿರದ ಆಸುಪಾಸು. ಫಲಿತಾಂಶ ಬಂದು ಮಸ್ಸೂರಿಗೆ ಹೊರಡುವ ನಡುವೆ ಕೆಲವು ತಿಂಗಳ ಬಿಡುವಿರುತ್ತದೆ. ಸನ್ಮಾನ, ಹಾರತುರಾಯಿಗಳಲ್ಲಿ ಅದು ಕಳೆದುಹೋಗುತ್ತದೆ. ಆ ಬಿಡುವಿನಲ್ಲಿ ಹತ್ತು ಹದಿನೈದು ಬೆಳಗು ಯಾವುದಾದರೂ ಲಾಯದಲ್ಲಿ ಕಳೆದರೆ ಹ್ಯಾಪಿ ವ್ಯಾಲಿಯ ಮೊದಲ ದಿನ ಬೇರೆಯೇ ಆಗಿರುತ್ತದೆ. ಪಟ್ಟಿಯಲ್ಲಿ ಹೆಸರು ಬಾರದ ಉಳಿದ ಲಕ್ಷಗಟ್ಟಲೆ ಮಂದಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ವಯಸ್ಸಿನ ಮಿತಿಯಿಲ್ಲ, ಪ್ರಯತ್ನಗಳ ಎಣಿಕೆಯಿಲ್ಲ.

ಹೋಗುವವರಿಗೆ ನಾಲ್ಕು ಮಾತು. ಹೆಲ್ಮೆಟ್ ನಿಮ್ಮ ತಲೆಯ ಅಳತೆಯದೇ ಇರಲಿ, ಸವಾರಿಗೆಂದೇ ಮಾಡಿದ್ದಿರಲಿ, ಬೈಕಿನದು ಬೇಡ. ಶೂಗೆ ಒಂದಿಂಚು ಹಿಮ್ಮಡಿ ಇರಬೇಕು. ಚಪ್ಪಟೆ ಕ್ಯಾನ್ವಾಸ್ ಶೂ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಬಿದ್ದಾಗ ಕುದುರೆ ಎಳೆದುಕೊಂಡು ಹೋಗುವ ಅಪಾಯ ಅದರಿಂದಲೇ. ಒಳಗೆ ದಪ್ಪ ಹೊಲಿಗೆಯಿರುವ ಜೀನ್ಸ್ ಮೊಣಕಾಲು ತರಚುತ್ತದೆ, ಮೈಗಂಟುವ ಹತ್ತಿ ಪ್ಯಾಂಟು ಸಾಕು. ಲಗಾಮಿನ ತುದಿಯನ್ನು ಕೈಗೆ ಸುತ್ತಿಕೊಳ್ಳಬೇಡಿ. ಇಳಿಯುವಾಗ ಎರಡೂ ಕಾಲನ್ನು ರಿಕಾಪಿನಿಂದ ಬಿಡಿಸಿಕೊಂಡು ಇಳಿಯಿರಿ. ಇಳಿಯುವುದನ್ನು ಮೊದಲ ದಿನವೇ ಏಳೆಂಟು ಸಲ ಮಾಡಿಸಿ ಎಂದು ನೀವಾಗಿಯೇ ಕೇಳಿ. ಯಾವ ಕ್ಷಣದಲ್ಲಿ ಬೇಕಾದರೂ ಇಳಿಯಬಲ್ಲೆ ಎಂದು ಮೈಗೆ ಗೊತ್ತಾದ ಮೇಲೆ ಹತ್ತುವುದು ಅಷ್ಟು ಕಷ್ಟವಾಗುವುದಿಲ್ಲ.